ಮುತ್ತಾತನ ಪಾಲಾದ ಜಮೀಲಾಬಿಯ ರಾಗ

ಕಳೆದ ತಿಂಗಳ ಕೊನೆಯ ಭಾನುವಾರ ಹುಣಸೂರಿನ ಕಲ್ಯಾಣ ಮಂಟಪವೊಂದರಲ್ಲಿ ಆನಿಮೇಷನ್ ಸಿನಿಮಾವೊಂದರ ಉಚಿತ ಪ್ರದರ್ಶನ ನಡೆಯಿತು. ಸಿನಿಮಾ ವಯಸ್ಕರಿಗೆ ಮಾತ್ರ. ಮುಗಿದಾಗ ಮಧ್ಯಾಹ್ನವಾಗಿತ್ತು. ವೇದಿಕೆಯ ಮೇಲೆ ಬ್ಯಾಂಡ್ ಮಾಸ್ಟರ್ ಇಬ್ರಾಹಿಂ ಅವರಿಗೆ ಶಾಲು ಹೊದಿಸುತ್ತಿದ್ದ ಹೊತ್ತಿನಲ್ಲೇ ಅವರ ಹೆಂಡತಿ ಜಮೀಲಾಬಿ ಕುರ್ಚಿಯಿಂದ ಎದ್ದು, ಹೊರಗೆ ಬಂದು, ಆಟೊ ಹತ್ತಿ ಒಬ್ಬರೇ ಮನೆಗೆ ಹೊರಟುಹೋದರು.

ಮರುದಿನದ ಪತ್ರಿಕೆಯಲ್ಲಿ ಶಾಲಿನ ಫೋಟೊ ಬಂತು. ಆಟೊ ಬರಲಿಲ್ಲ.

ಸುದ್ದಿ ಇದ್ದದ್ದು ಆಟೊದಲ್ಲಿ.

ಹುಣಸೂರು, ಪಿರಿಯಾಪಟ್ಟಣದ ಕಡೆ ಮದುವೆಯಾದವರಿಗೆ ಇಬ್ರಾಹಿಂ ಮಾಸ್ಟರ ಪರಿಚಯ ಬೇಕಾಗಿಲ್ಲ. ನಿಮ್ಮ ಮದುವೆಯ ವಿಡಿಯೊ ತೆಗೆದು ನೋಡಿ. ಹೂವಿನ ಕಾರಿನ ಮುಂದೆ ಕೆಂಪು ಕೋಟು ತೊಟ್ಟು, ಕ್ಲಾರಿನೆಟ್ಟನ್ನು ಆಕಾಶಕ್ಕೆ ಎತ್ತಿ ಹಿಡಿದು, ಕ್ಯಾಮೆರಾ ಎಲ್ಲಿದೆ ಎಂದು ಓರೆಗಣ್ಣಲ್ಲಿ ಹುಡುಕುತ್ತಿರುವ, ಮೀಸೆಗೆ ಧಾರಾಳವಾಗಿ ಬಣ್ಣ ಹಚ್ಚಿದ ವ್ಯಕ್ತಿ ಅವರೇ. ಅವರ ಅಪ್ಪನೂ ಬ್ಯಾಂಡ್ ಮಾಸ್ಟರ್. (ನನ್ನ ಮದುವೆಗೆ ಊದಿದವರು ಆ ಅಪ್ಪ.) ತಾತನೂ ಬ್ಯಾಂಡಿನವರೇ. ಮುತ್ತಾತ ಆರ್ಕಾಟಿನ ಕಡೆಯಿಂದ ಚರ್ಮದ ವ್ಯಾಪಾರಿಗಳ ಜೊತೆ ಹುಣಸೂರಿಗೆ ಬಂದವರು, ಬರುವಾಗ ಒಂದು ವಾದ್ಯ ತಂದಿದ್ದರು ಎಂಬುದು ಮನೆಯಲ್ಲಿ ನಡೆದುಬಂದ ಮಾತು. ಯಾವ ವಾದ್ಯ? ಅಪ್ಪ ತುತ್ತೂರಿ ಎನ್ನುತ್ತಿದ್ದರಂತೆ, ಚಿಕ್ಕಪ್ಪ ಡೋಲು ಎನ್ನುತ್ತಿದ್ದರಂತೆ. ಮುತ್ತಾತನ ಬಗ್ಗೆ ಆ ಮನೆಯಲ್ಲಿ ಇರುವ ಮಾಹಿತಿ ಅಷ್ಟೇ.

ಮದುವೆ ಬ್ಯಾಂಡಿನ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಜನ ಯಾವ ಹಾಡು ಕೇಳಿದರೂ 'ಬರಲ್ಲ' ಎನ್ನುವಂತಿಲ್ಲ.

ಹೋದ ವರ್ಷ ಬೆಟ್ಟದಪುರದ ಒಂದು ಮದುವೆಯಲ್ಲಿ ನಾನೇ ನೋಡಿದೆ. ಹುಡುಗಿಯ ಸೋದರಮಾವ ಟವೆಲ್ ತಿರುಗಿಸಿಕೊಂಡು ಬಂದರು.

"ಮಾಸ್ಟ್ರೇ, ಮೊನ್ನೆ ರಿಲೀಸ್ ಆಯ್ತಲ್ಲ, ಆ ಪಿಚ್ಚರ್‌ದು ಹಾಡು ಬುಡಿ ಒಂದ."

"ಬತ್ತದೆ ಬನ್ನಿ," ಎಂದರು ಮಾಸ್ಟರು. ಆ ಸಿನಿಮಾದ ಹೆಸರನ್ನೇ ಅವರು ಕೇಳಿರಲಿಲ್ಲ. ಯಾವುದೋ ಹಳೆಯ ಹಾಡನ್ನು ಎರಡರಷ್ಟು ವೇಗದಲ್ಲಿ ಊದಿದರು. ಸೋದರಮಾವ ಮಂಡಿ ಚಿಪ್ಪು ಜಾರುವಂತೆ ಕುಣಿದರು. ಕುಣಿದ ಮೇಲೆ, "ಇದೇ ನೋಡಿ ಹಾಡು ಅಂದ್ರೆ," ಎಂದೂ ಹೇಳಿದರು.

ಡೋಲು ಬಾರಿಸುವ ಸಿದ್ದರಾಜು ಆಮೇಲೆ ನನಗೆ ವಿವರಿಸಿದ. "ಡೋಲಿನ ಎರಡ್ನೇ ಏಟಿಗೆ ಯಾರ್ಗೂ ಯಾವ ಹಾಡು ಅಂತ ಗೊತ್ತಾಗಕಿಲ್ಲ ಸಾರ್. ಕಾಲು ಆಡ್ಬೇಕು ಅಷ್ಟೇಯ. ಬರಕಿಲ್ಲ ಅಂದ್ಬುಟ್ರೆ ಮುಂದಿನ ಮದ್ವೆಗೆ ಪಕ್ಕದೂರಿನ ಬ್ಯಾಂಡ್ ಸೆಟ್ಟು ಬತ್ತದೆ."

ಇದು ಮೋಸವೇ? ಗ್ರಾಹಕ ಕೇಳಿದ್ದು ಸಂತೋಷ. ಅದು ಸಿಕ್ಕಿದೆ. ನನಗಂತೂ ಮೋಸ ಎನಿಸಲಿಲ್ಲ.

ಎರಡು ವರ್ಷದ ಕೆಳಗೆ ಬೆಂಗಳೂರಿನಿಂದ ಸಿನಿಮಾದವರು ಬಂದರು. ವಲಸೆ ಬಂದ ಸಂಗೀತಗಾರರ ನಾಲ್ಕು ತಲೆಮಾರಿನ ಕತೆ, ಪೂರ್ತಿ ಕೈಯಲ್ಲಿ ಬರೆದ ಚಿತ್ರಗಳು, ಪೂರ್ತಿ ಹಾಡು. ಅದಕ್ಕಾಗಿ ಊರೂರು ತಿರುಗಿ ಹಳೆಯ ಬ್ಯಾಂಡ್ ಮನೆತನಗಳನ್ನು ಮಾತಾಡಿಸುತ್ತಿದ್ದರು. ನಿರ್ದೇಶಕಿ ಮೆಲುಮಾತಿನ ಹೆಣ್ಣುಮಗಳು. ಚಪ್ಪಲಿ ಹೊರಗೆ ಬಿಟ್ಟು ಬಂದು ಚಾಪೆಯ ಮೇಲೆ ಕೂತರು. ಸಣ್ಣದೊಂದು ವರದಿಗೆಂದು ನಾನೂ ಅಲ್ಲಿದ್ದೆ. ಡೋಲಿಗೆಂದು ಸಿದ್ದರಾಜು ಇದ್ದ. ಜಮೀಲಾಬಿ ಇರಲಿಲ್ಲ. ತಂಗಿಯ ಮಗಳ ಬಾಣಂತನಕ್ಕೆ ಕೆ.ಆರ್. ನಗರಕ್ಕೆ ಹೋಗಿದ್ದರು.

ಮಾಸ್ಟರು ಮದುವೆಯ ಹಾಡುಗಳನ್ನು ಊದಿದರು. ನಿರ್ದೇಶಕಿ ತಲೆಯಾಡಿಸಿದರು. ಆಮೇಲೆ ಕೇಳಿದರು, "ಸರ್, ನಿಮ್ಮ ಮುತ್ತಾತ ಊರು ಬಿಟ್ಟು ಬರುವಾಗ ತಂದ ರಾಗ ಏನಾದರೂ ಉಳಿದಿದೆಯಾ?"

"ಐತಲ್ಲ ಮೇಡಂ. ಇಲ್ದೆ ಏನು?"

ಸಿದ್ದರಾಜು ಸೂರು ನೋಡಿದ.

ಮಾಸ್ಟರು ಕ್ಲಾರಿನೆಟ್ಟಿನ ಬಾಯಿಯ ರೀಡು ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಒಂದು ರಾಗ ಊದಿದರು. (ಸಂಗೀತ ಬಲ್ಲವರು ಕ್ಷಮಿಸಬೇಕು. ಬ್ಯಾಂಡಿನವರು ಎಲ್ಲ ಟ್ಯೂನಿಗೂ ರಾಗ ಎಂದೇ ಅನ್ನುತ್ತಾರೆ.) ಹಾಗೆ ಅವರು ಊದಿದ್ದನ್ನು ನಾನು ಯಾವ ಮದುವೆಯಲ್ಲೂ ಕೇಳಿರಲಿಲ್ಲ. ಒಂದು ಮಾತು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಉತ್ತರಕ್ಕೆ ಕಾಯುವಂತಿತ್ತು. ಉತ್ತರ ಬಾರದೆ ಇನ್ನೊಮ್ಮೆ ಶುರುಮಾಡುವಂತಿತ್ತು. ನಿರ್ದೇಶಕಿಯ ಕಣ್ಣಲ್ಲಿ ನೀರು ಬಂತು. ಕ್ಯಾಮೆರಾ ಮುಂದೆ ಮಾಸ್ಟರಿಂದ ಒಂದು ಮಾತು ಹೇಳಿಸಿಕೊಂಡರು. "ಇದು ನಮ್ಮ ಮುತ್ತಾತ ತಂದ ರಾಗ." ಸಂಭಾವನೆಯನ್ನು ಒಪ್ಪಿದಷ್ಟು ಅಲ್ಲೇ ಕೊಟ್ಟರು. ಆ ಬಗ್ಗೆ ಯಾರದೂ ತಕರಾರಿಲ್ಲ.

ಇನ್ನು ಕಳೆದ ತಿಂಗಳ ಭಾನುವಾರಕ್ಕೆ ಬರೋಣ.

ಕಾರ್ಟೂನ್ ಎಂದುಕೊಂಡು ಮಕ್ಕಳನ್ನು ಕರೆತಂದಿದ್ದ ಒಂದಷ್ಟು ಅಪ್ಪಂದಿರು ಬಾಗಿಲಲ್ಲೇ ಗಲಾಟೆ ಮಾಡಿ ವಾಪಸು ಹೋದರು. ಉಳಿದವರು ಕೂತರು. ಸಿನಿಮಾ ಚೆನ್ನಾಗಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕುಡಿತ ಇದೆ, ಗಲಭೆ ಇದೆ, ಹೆರಿಗೆ ಇದೆ, ಮಲಗುವ ಕೋಣೆ ಇದೆ. ಯಾವುದನ್ನೂ ಮುಚ್ಚಿಲ್ಲ. ಮುತ್ತಾತ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಡೆದು ಬರುತ್ತಾನೆ. ಮಗ ರಾಜರ ಬ್ಯಾಂಡಿಗೆ ಸೇರುತ್ತಾನೆ. ಮೊಮ್ಮಗ ಸಿನಿಮಾ ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಮರಿಮಗಳು ಯಾವುದೋ ದೇಶದ ರೈಲು ನಿಲ್ದಾಣದಲ್ಲಿ ಟೋಪಿ ಮುಂದಿಟ್ಟುಕೊಂಡು ಊದುತ್ತಾಳೆ. ನಾಲ್ವರೂ ಊದುವುದು ಒಂದೇ ರಾಗ. ಮಾಸ್ಟರ ರಾಗ. ಅದು ಮೊದಲು ಕೇಳಿಸುವುದು ಒಂದು ಹೊಳೆಯ ದಂಡೆಯಲ್ಲಿ. ಹಳೆಯ ಊರಿನಲ್ಲಿ ಬಿಟ್ಟುಬಂದ ಒಬ್ಬ ಹೆಣ್ಣಿಗಾಗಿ ಮುತ್ತಾತ ಅಲ್ಲಿ ಕೂತು ಊದುತ್ತಾನೆ. ಆ ಹೆಣ್ಣು ನೀರಿನಲ್ಲಿ ಕಾಣುತ್ತಾಳೆ.

ಕತ್ತಲಲ್ಲಿ ಹೆಂಗಸರ ಸಾಲಿನಿಂದ ಒಂದು ದನಿ ಬಂತು.

"ಯಾ ಅಲ್ಲಾ! ಇದು ನಂದಲ್ವಾ?"

ಯಾರೋ ಶ್ಶ್ ಎಂದರು. ಸ್ವಲ್ಪ ಹೊತ್ತಿಗೆ ಅದೇ ದನಿ ಮತ್ತೆ ಕೇಳಿಸಿತು. "ಯಾರ್ರೀ ಅವ್ಳು ನೀರಾಗೆ?"

ನಾಲ್ಕು ಜನ ನಕ್ಕರು. ಸಿನಿಮಾ ಮುಂದುವರಿಯಿತು.

ಕೊನೆಯಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಕರವಸ್ತ್ರ ಹೊರಬಂದದ್ದನ್ನು ನಾನೇ ನೋಡಿದೆ. ಮಾಸ್ಟರನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದವರು ಊರಿನ ಹೊಗೆಸೊಪ್ಪಿನ ವ್ಯಾಪಾರಿ. ಮಾಸ್ಟರ ಮನೆಯಿಂದ ನಾಲ್ಕು ಬೀದಿ ಆಚೆ ಹುಟ್ಟಿ ಬೆಳೆದವರು. ಅವರ ಮನೆಯ ಮೂರು ಮದುವೆಗೂ ಇದೇ ಬ್ಯಾಂಡು. ಶಾಲು ಸರಿಮಾಡುತ್ತ ಅವರು ಮಾಸ್ಟರ ಕೈ ಹಿಡಿದು, ಮೈಕಿನ ಎದುರೇ ಪ್ರೀತಿಯಿಂದ ಹೇಳಿದರು.

"ಇಷ್ಟ್ ದಿನ ಗೊತ್ತೇ ಇರ್ಲಿಲ್ಲ ಕಣ್ರೀ ನೀವು ಹೊರಗಿನೋರು ಅಂತ. ಇರ್ಲಿ ಬುಡಿ, ಈಗ ನಮ್ಮೋರೇ ಅಲ್ವಾ?"

ಮಾಸ್ಟರು ಹುಟ್ಟಿದ್ದು ಹುಣಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಅವರ ಅಪ್ಪ ಸತ್ತದ್ದೂ ಅಲ್ಲೇ. ಬೆಳಿಗ್ಗೆ ಹುಣಸೂರಿನವರಾಗಿ ಮಂಟಪದ ಒಳಗೆ ಹೋದ ಅವರು ಮಧ್ಯಾಹ್ನ ವಲಸಿಗರಾಗಿ ಹೊರಗೆ ಬಂದರು. ಯಾರೂ ಬೈಯಲಿಲ್ಲ, ಯಾರೂ ಕಲ್ಲೆಸೆಯಲಿಲ್ಲ. ಶಾಲು ಹೊದಿಸಿ ಕಳಿಸಿದರು.

ಮಾತಾಡಿ ಎಂದು ಮೈಕು ಕೊಟ್ಟಾಗ ಮಾಸ್ಟರು, "ಬಾಳ ಸಂತೋಷ," ಎಂದರು. ಅಷ್ಟು ಹೊತ್ತಿಗೆ ಜಮೀಲಾಬಿಯ ಆಟೊ ಸೇತುವೆ ದಾಟಿತ್ತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಜಮೀಲಾಬಿ ನಡುಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಮಾಸ್ಟರು ಜಗಲಿಯ ತುದಿಯಲ್ಲಿದ್ದರು. ಇಬ್ಬರ ನಡುವೆ ಮಾತಿರಲಿಲ್ಲ. ಇಬ್ಬರೂ ನನ್ನ ಜೊತೆ ಮಾತಾಡಿದರು, ಒಬ್ಬರು ಇನ್ನೊಬ್ಬರಿಗೆ ಕೇಳಿಸಲಿ ಎಂದು.

"ಕೇಳಿ ಸಾರ್ ಅವ್ರನ್ನ," ಎಂದರು ಜಮೀಲಾಬಿ. "ಆ ರಾಗ ಯಾರ್ದು ಅಂತ ಕೇಳಿ."

ಮಾಸ್ಟರು ಬೀದಿ ನೋಡುತ್ತಿದ್ದರು.

"ನಾನೇ ಹೇಳ್ತೀನಿ. ಮದ್ವೆ ಆದ ವರ್ಷ. ರಂಜಾನ್ ಹಬ್ಬಕ್ಕೆ ಸರಗೂರಿಗೆ, ನಮ್ಮ ಅಮ್ಮನ ಮನೆಗೆ, ಕರ್ಕೊಂಡೋಗ್ತೀನಿ ಅಂದಿದ್ರು. ನಾನು ಬಟ್ಟೆ ಕಟ್ಕೊಂಡು ಕೂತಿವ್ನಿ. ಇವ್ರು ಮಾನಂದವಾಡಿಯಾಗೆ ಮದ್ವೆ ಐತೆ ಅಂತ ಬಸ್ ಹತ್ಕೊಂಡು ಹೋಗ್ಬುಟ್ರು. ವಾಪಸ್ ಬಂದಾಗ ನಾನ್ ಬಾಗ್ಲು ತೆಗಿಲಿಲ್ಲ. ಸಾರಿ ಅನ್ನೋಕೆ ಬಾಯಿ ಬರಕಿಲ್ಲ ಇವ್ರಿಗೆ, ಆ ಬಾಯಿ ಇರೋದೇ ಊದಕ್ಕೆ. ಇದೇ ಜಗಲಿ ಮ್ಯಾಲೆ ಕೂತ್ಕೊಂಡು ಊದಿದ್ರು. ಸರಿಯಾಗ್ಲಿಲ್ಲ, ಮತ್ತೆ ಊದಿದ್ರು. ಒಂದ್ ವಾರ ಊದ್ತಾನೇ ಇದ್ರು. ಆಮೇಲೆ ಒಂದಿನ ಅದು ಸರಿಯಾಗಿ ಬಂತು. ನಾನ್ ಬಾಗ್ಲು ತೆಗ್ದೆ."

"ಅದೇ ರಾಗವಾ?"

"ಇನ್ಯಾವ್ದು? ಅವತ್ತಿಂದ ನಂಗೆ ಸಿಟ್ಟು ಬಂದಾಗೆಲ್ಲ ಅದೇ. ಕೇರಿಯೋರ್ನೆಲ್ಲ ಕೇಳಿ."

ಕೇಳಿದೆ. ಕೇಳುವುದು ನನ್ನ ಕಸುಬು. ಎದುರುಮನೆಯ ಟೈಲರ್ ಹೊಲಿಗೆ ನಿಲ್ಲಿಸದೆ ಹೇಳಿದರು. "ಆ ರಾಗ ಕೇಳಿದ್ರೆ ಇವತ್ತು ಮಾಸ್ಟ್ರಿಗೆ ಊಟ ಇಲ್ಲ ಅಂತ ಅರ್ಥ. ಬಾಳ ವರ್ಷದಿಂದ ಕೇಳ್ತಾ ಇವ್ನಿ." ಬೀದಿಯಲ್ಲಿ ಸಿಕ್ಕ ಸಿದ್ದರಾಜು ಇನ್ನೂ ನೇರವಾಗಿ ಹೇಳಿದ. "ಅದು ಭಾಬಿ ರಾಗ ಸಾರ್, ಮಾಸ್ಟ್ರ ಹೆಂಡ್ರದು. ನಾವು ಸೆಟ್ಟಿನೋರು ಅಂಗೇ ಕರೆಯೋದು. ಮದ್ವೆ ಮನೆಯಾಗೆ ಯಾರೂ ಊದಕಿಲ್ಲ. ಅವತ್ತು ಮಾಸ್ಟ್ರು ಅದನ್ನ ಮುತ್ತಾತಂದು ಅಂದ್ರಲ್ಲ, ನಾನ್ ಡೋಲು ಕೆಳಗಿಟ್ಬುಟ್ಟೆ."

ಹಾಗಾದರೆ ಯಾಕೆ ಹಾಗೆ ಹೇಳಿದಿರಿ? ಜಗಲಿಗೆ ಮರಳಿ ಮಾಸ್ಟರನ್ನು ಕೇಳಿದೆ.

ಅವರು ಮೀಸೆ ತೀಡಿದರು. "ಅವ್ರು ಕೇಳಿದ್ದು ಮುತ್ತಾತಂದು ಸಾರ್. ನಂದು ಅಂದಿದ್ರೆ ತಕೊಂಡೋಗ್ತಿದ್ರಾ? ನಲವತ್ತು ವರ್ಷ ಊದಿವ್ನಿ. ನಿಂದೇ ಯಾವ್ದಾದ್ರೂ ಒಂದು ಊದಪ್ಪ ಅಂತ ಒಬ್ಬ ಕೇಳಿಲ್ಲ. ಆ ಯಮ್ಮ ಅಷ್ಟ್ ದೂರದಿಂದ ಬಂದು ಚಾಪೆ ಮ್ಯಾಲೆ ಕೂತ್ಕೊಂಡು ಕೇಳ್ತು. ನನ್ನ ತಾವ ಇದ್ದಿದ್ದು ಅದೊಂದೇ. ಕೊಟ್ಟೆ."

"ಇವ್ರ ತಾವ ಅಲ್ಲ, ನನ್ ತಾವ ಇದ್ದದ್ದು," ಒಳಗಿನಿಂದ ದನಿ ಬಂತು. "ಬೇರೆಯೋರ್ ಮನೇಲಿ ಗಂಡಂದ್ರು ಒಡವೆ ಕೊಡ್ತಾರೆ. ಇವ್ರು ಕೊಟ್ಟಿದ್ದು ಅದೊಂದು. ಅದನ್ನೂ ತಕೊಂಡೋಗಿ ನೀರಾಗೆ ಇರೋಳ್ಗೆ ಕೊಟ್ಬುಟ್ರು."

ಇಲ್ಲಿಯವರೆಗೆ ಇದು ಗಂಡ ಹೆಂಡಿರ ಜಗಳ. ಅಂಕಣಕ್ಕೆ ತರುವಂಥದ್ದಲ್ಲ. ಮುಂದೆ ನಡೆದದ್ದರಿಂದ ತಂದಿದ್ದೇನೆ.

ಮಾಸ್ಟರು ಅಂದೇ ನಿರ್ದೇಶಕಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದರು. ಜಮೀಲಾಬಿ ಬೆಳ್ಳುಳ್ಳಿ ತಟ್ಟೆ ಎತ್ತಿಕೊಂಡು ಬಾಗಿಲಿಗೆ ಬಂದು ನಿಂತರು.

"ಮೇಡಂ, ಒಂದು ತಪ್ಪಾಗೈತೆ. ಆ ರಾಗ ಮುತ್ತಾತಂದಲ್ಲ. ನಂದು. ನಾನು ಮನೆಯೋರಿಗೆ ಅಂತ ಕಟ್ಟಿದ್ದು. ಪಿಚ್ಚರ್ ಕೊನೆಯಾಗೆ ಹೆಸ್ರು ಬರ್ತವಲ್ಲ, ಅಲ್ಲಿ ಇಬ್ರ ಹೆಸ್ರು ಹಾಕಿದ್ರೆ ಸಾಕು. ಬೇರೆ ಏನೂ ಬ್ಯಾಡ."

ಆ ಕಡೆಯಿಂದ ಅದೇ ಮೆಲುದನಿ. "ಸರ್, ಹಾಗಾದರೆ ನಮ್ಮ ಕಥೆಯೇ ಬಿದ್ದುಹೋಗುತ್ತದಲ್ಲ? ನಾಲ್ಕು ತಲೆಮಾರು ಉಳಿಸಿಕೊಂಡು ಬಂದ ರಾಗ ಅಂತ ತಾನೇ ಇಡೀ ಸಿನಿಮಾ? ಟೈಟಲ್‌ನಲ್ಲಿ ಪರಂಪರಾಗತ ಅಂತ ಹಾಕಿದ್ದೇವೆ. ಅದು ನಿಮ್ಮ ಇಡೀ ಕುಟುಂಬಕ್ಕೆ ಸಲ್ಲುವ ಗೌರವ ಸರ್."

"ಕುಟುಂಬದೋರು ಯಾರೂ ಕಟ್ಟಿಲ್ಲ ಮೇಡಂ. ನಾನೊಬ್ನೇ."

"ಕ್ಯಾಮೆರಾ ಮುಂದೆ ನೀವೇ ಹೇಳಿದ್ದೀರಲ್ಲ ಸರ್?"

ಸಿನಿಮಾ ಕಂಪನಿಯ ವಕೀಲರನ್ನು ಕೇಳಿ ಹೇಳುತ್ತೇನೆ ಎಂದು ನಿರ್ದೇಶಕಿ ಫೋನ್ ಇಟ್ಟರು. ಮಾತು ತಪ್ಪಲಿಲ್ಲ, ಕೇಳಿ ಹೇಳಿದರು. ವಕೀಲರ ಪ್ರಕಾರ ರಾಗ ಹಳೆಯದೆಂಬುದಕ್ಕೆ ವಿಡಿಯೊ ಇದೆ. ಹೊಸದೆಂಬುದಕ್ಕೆ ಏನಿದೆ?

ಕೇರಿ ಇದೆ. ಟೈಲರ್ ಇದ್ದಾರೆ. ಸಿದ್ದರಾಜು ಇದ್ದಾನೆ. "ಎಲ್ಲಿಗ್ ಬೇಕಾದ್ರೂ ಬಂದು ಹೇಳ್ತೀನಿ ಸಾರ್. ಅವ್ರಿಬ್ರ ಜಗಳ ನನ್ನಷ್ಟು ಕೇಳಿರೋನು ಯಾರೂ ಇಲ್ಲ," ಎನ್ನುತ್ತಾನೆ. ಗಂಡ ಹೆಂಡಿರ ಜಗಳಕ್ಕೆ ದಾಖಲೆ ಇಟ್ಟುಕೊಂಡವರು ಯಾರಿದ್ದಾರೆ?

ಕೆಲಸಕ್ಕೆ ಸೇರಿದ ದಿನದಿಂದ ನಾನು ದಾಖಲೆಯನ್ನೇ ನಂಬಿಕೊಂಡು ಬಂದವನು. ಯಾರು ಹೇಳಿದರು, ಯಾವಾಗ ಹೇಳಿದರು, ಯಾರ ಎದುರು ಹೇಳಿದರು. ಈ ಮೂರಕ್ಕೆ ಉತ್ತರವಿಲ್ಲದ ಪ್ಯಾರಾವನ್ನು ಪತ್ರಿಕೆಯ ಡೆಸ್ಕಿನಲ್ಲಿ ಹೊಡೆದುಹಾಕುತ್ತಾರೆ. ಹೊಡೆದುಹಾಕಬೇಕು. ಈ ಪ್ರಕರಣದಲ್ಲಿ ಮೂರಕ್ಕೂ ಉತ್ತರ ಇರುವುದು ಕಂಪನಿಯ ಕೈಯಲ್ಲಿ. ಮಾಸ್ಟರು ಹೇಳಿದರು, ಎರಡು ವರ್ಷದ ಹಿಂದೆ ಹೇಳಿದರು, ನನ್ನ ಎದುರೇ ಹೇಳಿದರು. ದಾಖಲೆ ಸರಿ ಇದೆ. ನಿಜ ಅದರಲ್ಲಿ ಇಲ್ಲ.

ನಿರ್ದೇಶಕಿ ಕಳ್ಳಿಯಲ್ಲ. ಕೇಳಿದರು, ಸಿಕ್ಕಿತು, ನಂಬಿದರು. ಆದರೆ ಅವರು ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ನೋಡಿ. ಮುತ್ತಾತ ತಂದದ್ದು ಏನಿದೆ? ಮುಂದೆ ಕೂತಿದ್ದ ಮನುಷ್ಯ ಕಟ್ಟಿದ್ದು ಏನಿದೆ ಎಂದು ಅವರೂ ಕೇಳಲಿಲ್ಲ, ಅವತ್ತು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದ ನಾನೂ ಕೇಳಲಿಲ್ಲ, ಮೂರು ಮದುವೆಗೆ ಊದಿಸಿದ ವ್ಯಾಪಾರಿಯೂ ಕೇಳಲಿಲ್ಲ. ಬ್ಯಾಂಡಿನವನು ಏನನ್ನಾದರೂ ಕಟ್ಟಬಲ್ಲ ಎಂದು ನಮಗೆ ಹೊಳೆಯುವುದೇ ಇಲ್ಲ. ಅವನು ಉಳಿಸಿಕೊಂಡು ಬರಬೇಕು. ಹೊತ್ತು ತರಬೇಕು. ಎಲ್ಲಿಂದಲೋ ತರಬೇಕು, ಇಲ್ಲಿಯದಾಗಿರಬಾರದು. ಹುಣಸೂರಿನ ಒಂದು ಜಗಲಿಯ ಮೇಲೆ, ಸರಗೂರಿನ ಒಬ್ಬ ಹೆಣ್ಣುಮಗಳ ಸಿಟ್ಟು ಇಳಿಸಲು ಹುಟ್ಟಿದ ರಾಗಕ್ಕೆ ನಾವು ಕರವಸ್ತ್ರ ತೆಗೆಯುತ್ತಿದ್ದೆವೇ?

ಅಳಬೇಕಾದರೆ ನಮಗೆ ಹೊಳೆ ಬೇಕು, ನೂರು ವರ್ಷ ಬೇಕು, ಬಣ್ಣದಲ್ಲಿ ಬರೆದ ವಲಸಿಗ ಬೇಕು. ಬಸ್ ಸ್ಟ್ಯಾಂಡಿನಲ್ಲಿ ಕ್ಲಾರಿನೆಟ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಅಂತರಸಂತೆಯ ಬಸ್ಸಿಗೆ ಕಾಯುವ ಮಾಸ್ಟರು ಸಾಲದು. ಅವರಿಗೆ ಆ ಭಾನುವಾರದ ಮೊದಲು ಯಾರಾದರೂ ಶಾಲು ಹೊದಿಸಿದ್ದರೇ?

ಕಾನೂನಿನ ದಾರಿ ಇದೆಯೇ ಎಂದು ಮೈಸೂರಿನಲ್ಲಿ ಪರಿಚಯದ ವಕೀಲರೊಬ್ಬರನ್ನು ವಿಚಾರಿಸಿದೆ. ಇದೆ, ಎಂದರು. ಮಾಸ್ಟರು ತಾನು ಕ್ಯಾಮೆರಾ ಮುಂದೆ ಸುಳ್ಳು ಹೇಳಿದೆ ಎಂದು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ಈಗ ನಿಜ ಹೇಳುತ್ತಿದ್ದೇನೆ ಎಂದು ಸಾಬೀತು ಮಾಡಬೇಕು. ಇದನ್ನು ಮಾಸ್ಟರಿಗೆ ಹೇಳಿದಾಗ ಅವರು ನಕ್ಕರು. "ಸುಳ್ಗಾರನ ಬ್ಯಾಂಡ್ ಸೆಟ್ಟು ಅಂತ ಬೋರ್ಡು ಬರ್ಸಿ ಸಾರ್ ಹಂಗಾದ್ರೆ. ಯಾರ್ ಕರೀತಾರೆ ಮದ್ವೆಗೆ?"

ಈ ನಡುವೆ ರಾಗ ಊರ ತುಂಬ ಹಬ್ಬಿದೆ. ಮೊಬೈಲ್ ಅಂಗಡಿಯಲ್ಲಿ ರಿಂಗ್‌ಟೋನ್. ಪಿರಿಯಾಪಟ್ಟಣದ ಹೋಟೆಲಿನಲ್ಲಿ ಸ್ಪೀಕರ್. ಸಿದ್ದರಾಜು ಹೇಳುವಂತೆ ಕಳೆದ ವಾರ ಜಮೀಲಾಬಿ ತರಕಾರಿ ಕೊಳ್ಳುತ್ತಿದ್ದಾಗ ಪಕ್ಕದವರ ಫೋನಿನಲ್ಲಿ ಅದು ಮೊಳಗಿತಂತೆ. ಅವರು ತರಕಾರಿ ಬಿಟ್ಟು ಬಂದರಂತೆ.

ಮನೆಯಲ್ಲಿ ಇನ್ನೊಂದು ಕಷ್ಟ ಶುರುವಾಗಿದೆ. ಜಮೀಲಾಬಿಯ ಸಿಟ್ಟು ಇಳಿದಿಲ್ಲ. ಮೊದಲಾದರೆ ಮಾಸ್ಟರು ಜಗಲಿಗೆ ಹೋಗಿ ಊದುತ್ತಿದ್ದರು. ಈ ಸಲವೂ ಊದಲು ಹೋದರಂತೆ. ಅರ್ಧಕ್ಕೇ ಒಳಗಿನಿಂದ ಮಾತು ಬಂತಂತೆ.

"ಅದನ್ನ ಊದ್ಬ್ಯಾಡಿ. ಅದು ನಿಮ್ ಮುತ್ತಾತನ ಕಡೆಯೋಳ್ದು. ನಂಗೆ ಅಂತ ಏನಾದ್ರೂ ಇದ್ರೆ ಊದಿ."

ಬೇರೆ ಏನೂ ಇರಲಿಲ್ಲ. ಕ್ಲಾರಿನೆಟ್ಟನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದರು. ಹೊಸದೊಂದು ಕಟ್ಟಬಾರದೇ ಎಂದು ನಾನು ಕೇಳಿದೆ. ಕೇಳಬಾರದಿತ್ತು. "ಅವಾಗ ಇಪ್ಪತ್ನಾಕು ವರ್ಷ ಸಾರ್ ನಂಗೆ," ಎಂದರು.

ಮೈಸೂರಿನಲ್ಲಿ ಮುಂದಿನ ತಿಂಗಳು ಸಿನಿಮಾದ ದೊಡ್ಡ ಪ್ರದರ್ಶನವಿದೆ. ಕೊನೆಯ ದೃಶ್ಯಕ್ಕೆ ಪರದೆಯ ಮುಂದೆ ನಿಂತು, ಆ ಪರಂಪರೆಯ ಕುಡಿಯಾಗಿ, ಮಾಸ್ಟರು ಆ ರಾಗವನ್ನು ಊದಬೇಕೆಂದು ಕಂಪನಿ ಕೇಳಿದೆ. ಮಾಸ್ಟರು ಒಪ್ಪಿದ್ದಾರೆ. ಕೇಳಿದ್ದಕ್ಕೆ 'ಬರಲ್ಲ' ಎನ್ನುವಂತಿಲ್ಲವಲ್ಲ. ಕೋಟು ಕಂಪನಿಯವರೇ ಕೊಡುತ್ತಾರಂತೆ, ಸಿನಿಮಾದ ಮುತ್ತಾತ ತೊಟ್ಟಂಥದ್ದು. ರಿಹರ್ಸಲ್ಲಿಗೆಂದು ಒಮ್ಮೆ ಕರೆಸಿದಾಗ ಒಂದು ತೊಂದರೆಯಾಯಿತು. ಮಾಸ್ಟರು ಊದುವುದಕ್ಕೂ ಪರದೆಯ ಮೇಲಿನ ಚಿತ್ರಕ್ಕೂ ತಾಳೆಯಾಗಲಿಲ್ಲ. ಅವರು ನಡುನಡುವೆ ನಿಲ್ಲುತ್ತಾರೆ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆಂದು ಹೇಳಲಾಗದು. ಸಂಗೀತ ವಿಭಾಗದ ತರುಣ ವಿನಯದಿಂದ, "ಒರಿಜಿನಲ್‌ನಲ್ಲಿ ಹೀಗಿಲ್ಲ ಸರ್," ಎಂದನಂತೆ. ಸಿನಿಮಾದಲ್ಲಿ ಇರುವ ಪ್ರಕಾರ ಕಲಿತು ಬರಲಿ ಎಂದು ಮಾಸ್ಟರ ಫೋನಿಗೆ ಆಡಿಯೊ ಕಳಿಸಿದ್ದಾರೆ.

ಜಮೀಲಾಬಿ ಈಗ ಕೆ.ಆರ್. ನಗರದ ತಂಗಿಯ ಮನೆಯಲ್ಲಿದ್ದಾರೆ. ಮಾಸ್ಟರು ದಿನಾ ಬೆಳಿಗ್ಗೆ ಇಯರ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾರೆ. ಮೊದಲ ಭಾಗ ಕಲಿತಾಗಿದೆ, ಎರಡನೆಯದು ಇನ್ನೂ ಕೂತಿಲ್ಲ ಎಂದು ಮೊನ್ನೆ ಗುರುವಾರ ಫೋನಿನಲ್ಲಿ ತಿಳಿಸಿದರು.